ಹಂಪ್ ಕಂಡು ಕುಗ್ಗಿದ ಕೆಂಪು ಶಾಕ್ ಅಬ್ಸಾರ್ಬರುಗಳ ಸನ್ನಿಧಾನಕ್ಕೆ

ಮಾನ್ಯರೇ,

ನನ್ನ ಕಾರಿನ ಹಿಂಚಕ್ರಗಳ ಬಳಿ ಎಡಬಲಗಳಲ್ಲಿ ವಿರಾಜಮಾನರಾಗಿರುವ ತಮ್ಮಿಬ್ಬರಿಗೂ ಬೋಳಾರದ ಮುಖೇಶನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೇ ಏಕೆಂದರೆ, ಸ್ಟೈಲಿಗೆಂದು ಕಾರನ್ನು ನೆಲದ ಹತ್ತಿರಕ್ಕೆ ತಗ್ಗಿಸಿದ ಮೇಲೆ ತಮ್ಮ ದರ್ಶನ ಬೇರೆ ಭಂಗಿಯಲ್ಲಿ ಸಿಗುವುದಿಲ್ಲ.

ಗಿಡ್ಡ ಸ್ಪ್ರಿಂಗಿಗೆ ತಕ್ಕ ಗಿಡ್ಡ ಶಾಕ್ ಬೇಕೆಂದು ಹಂಪನಕಟ್ಟೆಯ ಅಂಗಡಿಗಳನ್ನೆಲ್ಲ ಅಲೆದು, ಕೊನೆಗೆ ಗೆಳೆಯ ಆರ್ಥರ್ "ಕೆಂಪು ತಕೋ ಮಾರಾಯ, ಲುಕ್ ಉಂಟು" ಎಂದದ್ದಕ್ಕೆ ತಮ್ಮನ್ನು ಬರಮಾಡಿಕೊಂಡೆ. ಕಾರಿನಡಿ ಬಗ್ಗಿ ಲುಕ್ ನೋಡುವವರು ಯಾರೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಬಿಗಿತ ಹೊಂದಿಸುವ ತಮ್ಮ ತಿರುಪನ್ನು ಗಟ್ಟಿಗೆ ತಿರುಗಿಸಿದರೆ ನನ್ನ ಹಲ್ಲು ಕಟಕಟ, ಮೆತ್ತಗೆ ತಿರುಗಿಸಿದರೆ ತೊಟ್ಟಿಲ ಸುಖ. ಆದ್ದರಿಂದ ಪಣಂಬೂರಿನ ನುಣ್ಣನೆಯ ರಸ್ತೆಯಲ್ಲಿ, ಒಣಮೀನಿನಂತಿರುವ ನಾನೊಬ್ಬನೇ ಕುಳಿತು ಓಡಿಸಿ ನೋಡಿ, ಮೆತ್ತಗೇ ಇರಲೆಂದು ತೀರ್ಮಾನಿಸಿದೆ. ಮದುಮಗಳು ಒಬ್ಬಳೇ ಮದುವೆಗೆ ಹೋಗುವುದಿಲ್ಲವೆಂದು ತಾವಾದರೂ ನೆನಪಿಸಬಹುದಿತ್ತು.

ಬಾಡಿಗೆ ಕಾರು ಬೇಡ, "ತಮ್ಮನ ಕಾರಲ್ಲೇ ಮದುವೆ ಹಾಲಿಗೆ ಹೋಗ್ತೇನೆ" ಎಂದು ಹಟ ಹಿಡಿದವಳು ನನ್ನಕ್ಕ ಯಶ್ಮಿತಾ. ಮುಹೂರ್ತ ಸಮೀಪಿಸುತ್ತಿತ್ತು. ಅಕ್ಕ, ಅವಳ ಮೈಮೇಲಿನ ಚಿನ್ನ, ಅಜ್ಜಿ ದೇಯಿ ಮತ್ತು ಗಟ್ಟಿಮುಟ್ಟಾದ ದೊಡ್ಡಮ್ಮಂದಿರು ಹತ್ತಿದೊಡನೆ ತಾವು ಎಂತಹ ವಿನಯದಿಂದ ಕುಗ್ಗಿದಿರೆಂದರೆ, ರಸ್ತೆಯ ಮೊದಲ ಹಂಪಿನಲ್ಲೇ ಕಾರಿನ ಹೊಟ್ಟೆ ಸಿಕ್ಕಿಬಿದ್ದು, ಎಲ್ಲರೂ ಇಳಿದು, ನಡೆದು ದಾಟಿ, ಪುನಃ ಹತ್ತಬೇಕಾಯಿತು. ಮುಂದಿನದರಲ್ಲೂ ಅದೇ ಸೇವೆ. "ಕಾರು ಎಂತಕ್ಕೆ, ಚಪ್ಪಲಿ ಸಾಕಿತ್ತಲ್ಲ!" ಎಂದರು ಅಜ್ಜಿ. ಅಕ್ಕ ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿದಳು.

ಹಾಲಿನ ಗೇಟಿನೆದುರಿನ ಹಂಪಿನಲ್ಲಿ ಅವಳು ಮತ್ತೊಮ್ಮೆ ಸೀರೆ ಎತ್ತಿಕೊಂಡು ಇಳಿಯುವಾಗ, ಹಿಂದೆಯೇ ಬಂದ ಗಂಡಿನ ಕಾರಿನಿಂದ ಅವರ ತಾಯಿ ಜಯಕ್ಕ ತಲೆ ಹೊರಹಾಕಿ, "ಇದೆಂತ, ಇಲ್ಲೇ ಇಳಿದದ್ದು?" ಎಂದರು. ಮನೆಯ ಮರ್ಯಾದೆ ಉಳಿಸಲು ಅಜ್ಜಿ ಸೆರಗು ಸರಿಮಾಡಿಕೊಂಡು ಗಂಭೀರವಾಗಿ, "ನಮ್ಮಲ್ಲಿ ಹಾಗೊಂದು ಕ್ರಮ ಉಂಟು. ಮದುಮಕ್ಕಳು ಹಂಪನ್ನು ನಡೆದೇ ದಾಟುವುದು" ಎಂದುಬಿಟ್ಟರು. ತಕ್ಷಣ ಜಯಕ್ಕ, ಆಳೆತ್ತರದ ಆ ಕಾರಿನಿಂದ ಮದುಮಗನನ್ನು ಇಳಿಸಿ, ಬಲಗಾಲು ಮುಂದಿಡಿಸಿ, ಹಂಪ್ ದಾಟಿಸಿದರು. ಅಕ್ಕನ ಕೊರಳಿಗೆ ತಾಳಿ ಸಮಯಕ್ಕೇ ಬಿತ್ತು.

ಆದಕಾರಣ ತಾವು ಭಾರ ಬಂದಾಗ ಗಟ್ಟಿಯಾಗಿ, ನಾನೊಬ್ಬನೇ ಇದ್ದಾಗ ಮೆತ್ತಗಾಗಿ, ಹಂಪ್ ಕಂಡಾಗ ಒಂದು ಗೇಣು ಬೆಳೆದು, ಗೆಳೆಯರು ಕಂಡಾಗ ಪುನಃ ಗಿಡ್ಡವಾಗಿ ಅನುಗ್ರಹಿಸಬೇಕಾಗಿ ಕೋರುತ್ತೇನೆ.

ಇನ್ನೂ ತಮ್ಮ ಮೇಲೆಯೇ ಭಾರ ಹಾಕಿರುವ
ತಮ್ಮ ವಿಶ್ವಾಸಿ,
ಮುಖೇಶ್

ತಾ.ಕ.: ಈ ಭಾನುವಾರ ಅಕ್ಕ, ಭಾವ ಊಟಕ್ಕೆ ಬರುತ್ತಾರೆ. ತಮ್ಮನ್ನು ನಂಬದ ಅಕ್ಕ ಆಟೋ ಹೇಳಿದ್ದಾಳೆ. ಆದರೆ ಕ್ರಮವೆಂದರೆ ಕ್ರಮವೇ ಎಂದು ಜಯಕ್ಕ ಅಪ್ಪಣೆ ಕೊಟ್ಟಿರುವುದರಿಂದ, ದಾರಿಯ ಪ್ರತಿ ಹಂಪಿನಲ್ಲೂ ಆಟೋದಿಂದಲೂ ಇಳಿಯಬೇಕಂತೆ. ಇನ್ನು ತಾವು ಸರಿಹೋದರೂ ಪ್ರಯೋಜನವಿಲ್ಲ.