ನಾರಾಯಣಪೇಟದಿಂದ ಗದ್ವಾಲಕ್ಕೆ ತೊಂಬತ್ತರ ಮೈಲೇಜು

ಗಾಡಿ ಎಷ್ಟು ಕೊಡುತ್ತದೆ ಎಂದು ಕೇಳಿದರೆ ನಿಜ ಹೇಳಿದ ಗಂಡಸನ್ನು ನಾನು ಕಂಡಿಲ್ಲ. ಸಂಬಳ, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲವನ್ನೂ ಬಾಯಿಬಿಟ್ಟಾರು. ಮೈಲೇಜಿಗೆ ಮಾತ್ರ ಒಂದಿಷ್ಟು ಸೇರಿಸದೆ ಇರಲಾರರು. ನಮ್ಮ ಮನೆಯವರಂತೂ 'ಲೀಟರಿಗೆ ಎಪ್ಪತ್ತು' ಎನ್ನುವಾಗ ಬೀರಪ್ಪನ ಗುಡಿಯಲ್ಲಿ ನಿಂತವರಂತೆ ಎದೆಯ ಮೇಲೆ ಕೈ ಇಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಗಾಡಿ ಮೈದುನ ಮಾಳಪ್ಪನ ಕೈಗೆ ಬಂತು. ಒಂದು ದಿನ ಅವನು, "ವೈನಿ, ಇದು ಬರೇ ಪೆಟ್ರೋಲ್ ಕುಡಿಯಾಕ ಹತ್ತೈತ್ರಿ. ಮಾರಿಬಿಡೋಣ್ರಿ" ಎಂದ. ಸೀಟಿನ ಮೇಲೆ ಅವರು ಕೂತ ತಗ್ಗು ಇನ್ನೂ ಹಾಗೇ ಇತ್ತು. ಅದನ್ನು ಬಿಟ್ಟು ಮೈಲೇಜಿನ ಮಾತೆತ್ತಿದೆ.

"ನಿಮ್ಮಣ್ಣ ಎಪ್ಪತ್ತು ಕೊಡ್ತೈತಿ ಅಂತಿದ್ರು."

"ಅಣ್ಣ ಅಂತಿದ್ದ ಬಿಡ್ರಿ! ಐವತ್ತು ಕೊಟ್ರ ಇಟ್ಕೊಳ್ಳೋಣು. ಇಲ್ಲಾಂದ್ರ ಗಿರಾಕಿ ತಯಾರ್ ಅದಾನ."

ಪರೀಕ್ಷೆ ಸುಲಭ. ನಾರಾಯಣಪೇಟದಲ್ಲಿ ಟ್ಯಾಂಕು ತುಂಬಿಸಿ, ಮಕ್ತಲ್ ಮೇಲೆ ಗದ್ವಾಲಕ್ಕೆ ಹೋಗಿ, ಮತ್ತೆ ತುಂಬಿಸುವುದು. ಅಲ್ಲಿ ಹಿಡಿದಷ್ಟು ದಾರಿಯಲ್ಲಿ ಕುಡಿದಿದ್ದು. ಆದರೆ ಇಲ್ಲೇ ಗುಟ್ಟಾಗಿ ಹೆಚ್ಚು ಕುಡಿಸಿದರೆ ಅಲ್ಲಿ ಕಡಿಮೆ ಕೇಳುತ್ತದಲ್ಲ? ಬಂಕಿನಲ್ಲಿ ಮಾಳಪ್ಪ ಮುಖ ತೊಳೆಯಲು ಹೋದಾಗ ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಒಳಗಿನ ಗಾಳಿ ಬಿಡಿಸಿ, ಮುಚ್ಚಳದವರೆಗೆ ತುಂಬಿಸಿದೆ. ದಾರಿಯುದ್ದಕ್ಕೂ ಗಾಳಿಗೆ ಅಡ್ಡವಾಗಬಾರದೆಂದು ಸೆರಗು ಬಿಗಿದು, ಮೈದುನನ ಬೆನ್ನ ಹಿಂದೆ ಕಳ್ಳ ಬೆಕ್ಕಿನಂತೆ ಮುದುಡಿ ಕೂತೆ. ಇಳಿಜಾರು ಬಂದಲ್ಲೆಲ್ಲ ಅವನು ಇಂಜಿನ್ನು ಬಂದ್ ಮಾಡುತ್ತಿದ್ದ. ಜುರಾಲಾ ಅಣೆಕಟ್ಟಿನ ಮೇಲೆ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿದಾಗ ನಗು ತಡೆಯಲಾಗಲಿಲ್ಲ. ಅವರು ಹೋದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಗದ್ವಾಲದ ಬಂಕಿನಲ್ಲಿ ಪೈಪು ಹಿಡಿದವನು ಇನ್ನೂ ಹಾಕುತ್ತಿದ್ದ, ಮಾಳಪ್ಪ "ಬಸ್, ಬಸ್!" ಎಂದು ಕೂಗಿದ.

"ಇಂಕಾ ಪಡ್ತದಿ ಅನ್ನಾ," ಇನ್ನೂ ಹಿಡಿಯುತ್ತದೆ ಎಂದು ಅವನು ತೆಲುಗಿನಲ್ಲಿ ಹೇಳಿದ.

"ಫುಲ್ ಆಗೈತಿ ಅಂದ್ನೆಲ್ಲ! ಮುಚ್ಚೋ ಮಾರಾಯಾ!"

ಲೆಕ್ಕ ಹಾಕಿದೆವು. ಲೀಟರಿಗೆ ತೊಂಬತ್ತರ ಮೇಲೆ! ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ವೈನಿ, ಅಲ್ಲಿ ನೀವೇನರ ಮಾಡಿದ್ರೇನ್ರಿ?"

"ಇಲ್ಲಿ ನೀ ಏನ್ ಮಾಡಿದಿ, ಅದನ್ ಹೇಳು ಮೊದ್ಲು."

ಅವನು ಟ್ಯಾಂಕಿನ ಮೇಲೆ ಕೈ ಆಡಿಸುತ್ತ, "ಅಣ್ಣನ ಗಾಡಿ ಹ್ಯಾಂಗ ಮಾರೋದ್ರಿ" ಎಂದ.

ಗಾಡಿ ಉಳಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ವಾರವೆಲ್ಲ ಅದರಲ್ಲೇ ಊರೂರು ತಿರುಗಿ, ಮುಂದಿನ ವಾರ ಗದ್ವಾಲದ ಆಚೆಯ ಇಟಿಕ್ಯಾಲಕ್ಕೆ ಹೊರಟಾಗ ಮಾಳಪ್ಪ ಪೆಟ್ರೋಲ್ ಹಾಕಿಸಲೇ ಎಂದು ಕೇಳಿದ. "ತೊಂಬತ್ತು ಕೊಡೋ ಗಾಡಿಗೆ ಯಾಕೋ?" ಎಂದವಳು ನಾನೇ. ಧರೂರು ದಾಟಿದ ಮೇಲೆ ಪೆಟ್ರೋಲ್ ತೀರಿ, ಬಿಸಿಲಲ್ಲಿ ಹಿಂದಿನಿಂದ ಗಾಡಿ ನೂಕಿದವಳೂ ನಾನೇ. ನಮ್ಮ ಮನೆಯವರು ಹಾಗೆ ನೂಕಿದ್ದನ್ನು ಒಂದು ದಿನವೂ ಕಂಡಿಲ್ಲ. ಅವರು ಎಪ್ಪತ್ತು ಎಂದು ಊರನ್ನು ನಂಬಿಸುತ್ತಿದ್ದರೇ ಹೊರತು, ತಾವು ನಂಬುತ್ತಿರಲಿಲ್ಲ.