ರಸದಾನಿಯೂ ಬೀಗರ ಊಟವೂ

ಪಿರಿಯಾಪಟ್ಟಣದ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ಗಿಡದ ಕೋಶದೊಳಗೆ ರಸದಾನಿ ಅಂತ ಒಂದು ಚೀಲ ಇರುತ್ತೆ, ಅದರ ತುಂಬ ಕೋಶರಸ. ಈ ಪಾಠ ಎತ್ತಿಕೊಂಡಾಗೆಲ್ಲ ಏನಾದರೊಂದು ಎಡವಟ್ಟು ಆಗದೆ ಇರೋದಿಲ್ಲ. ಮೊನ್ನೆಯಂತೂ ನನ್ನ ಮಗಳ ಓದೇ ನಿಂತುಹೋಗುತ್ತಿತ್ತು.

ನಡುಮನೆ

ಬೋರ್ಡಿನ ಮೇಲೆ ಕೋಶದ ಚಿತ್ರ ಬರೆದೆ. "ನೋಡಿ, ನಡುವೆ ಇಷ್ಟು ದೊಡ್ಡ ರಸದಾನಿ. ಕೋಶಕೇಂದ್ರವೇ ಇಲ್ಲಿ ಯಜಮಾನ. ಆದರೂ ಪಾಪ, ಗೋಡೆಗೆ ಒತ್ತಿಕೊಂಡು ಕೂತಿದೆ. ಯಾಕೆ?"

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಹೊಗೆಸೊಪ್ಪು ಇನ್ನೂ ಮಾರಿಲ್ಲ ಅನ್ಸುತ್ತೆ ಮಿಸ್. ನಮ್ಮನೇಲೂ ನಡುಮನೆ ತುಂಬ ಹೊಗೆಸೊಪ್ಪಿನ ಬೇಲು ಒಟ್ಟಿದೆ, ನಮ್ಮಪ್ಪ ಗೋಡೆಗೆ ಅಂಟ್ಕಂಡೇ ಮಲ್ಗೋದು."

ಇಡೀ ಕ್ಲಾಸು ಹೌದು ಹೌದು ಅಂತ ತಲೆ ಆಡಿಸಿತು.

ದಂಟಿನ ಸೊಪ್ಪು

ನಮ್ಮ ಯಜಮಾನರು ಸಂತೆಯಿಂದ ಬಾಡಿದ ಸೊಪ್ಪು ತಂದರು. "ರೀ, ಕಣ್ಣಿಲ್ವಾ ನಿಮಗೆ?" ಅಂತ ರೇಗಿದೆ. ಆಮೇಲೆ ನಾನೇ, "ಕೆಟ್ಟಿಲ್ಲ ಬಿಡಿ, ರಸದಾನಿಯ ನೀರು ಇಳಿದಿದೆ ಅಷ್ಟೇ" ಅಂತ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಸಂಜೆಗೆ ಸೆಟೆದು ನಿಂತಿತ್ತು. ಅದನ್ನು ಕಂಡಾಗೆಲ್ಲ ಮನಸ್ಸು ಒಂಥರಾ ಆಗುತ್ತೆ. ಗಿಡಕ್ಕೆ ಮೂಳೆ ಇಲ್ಲ, ಒಳಗಿನ ನೀರಿನ ಬಲದಲ್ಲೇ ತಲೆ ಎತ್ತಿರುತ್ತೆ. ನನ್ನ ಮಗಳಿಗೆ ಓದೂ ಹಾಗೇ, ಒಳಗಿನ ನೀರಿದ್ದಂತೆ ಅಂತ ನನಗೆ ಅವತ್ತು ಅನ್ನಿಸಿತು.

ಯಜಮಾನರು ಮಾತ್ರ, "ಇನ್ನೊಂದು ಬಕೆಟ್ ತುಂಬ್ಸೇ, ದಿನಾ ಬೈಸ್ಕಂಡು ನಾನೂ ಬಾಡೋಗಿದೀನಿ" ಅಂದರು.

ಬೀಗರ ಊಟ

ಮಗಳ ಮದುವೆ ಆಯಿತು. ಎಂಎಸ್ಸಿ ಇನ್ನೊಂದು ವರ್ಷ ಬಾಕಿ. ಮುಗಿಸಲಿ ಅಂತ ಕೇಳಿದ್ದಕ್ಕೆ ಕೆ.ಆರ್. ನಗರದ ಬೀಗಿತಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೀಗರ ಊಟದ ದಿನ ಇನ್ನೊಂದು ಸಲ ಕೇಳೋಣ ಅಂದುಕೊಂಡೆ.

ನಮ್ಮಲ್ಲಿ ಮಟನ್ ಸಾರಿನ ಜೊತೆ ಹೆಚ್ಚಿದ ಸೌತೆಕಾಯಿ ಬೇಕೇ ಬೇಕು. ಅದಕ್ಕೆ ಉಪ್ಪು ಬೀಳೋದು ಎಲೆ ಹಾಕಿದ ಮೇಲೆ. ನಮ್ಮ ಯಜಮಾನರು ಒಂದು ಕೆಲಸ ಮುಗೀಲಿ ಅಂತ ಬೆಳಿಗ್ಗೆಯೇ ಉಪ್ಪು ಕಲಸಿಟ್ಟಿದ್ದರು! ಮಧ್ಯಾಹ್ನಕ್ಕೆ ಬೇಸಿನ್ ತುಂಬ ನೀರು, ಅದರಲ್ಲಿ ತೇಲುವ ಸೊರಗಿದ ಹೋಳುಗಳು.

ಬೀಗಿತಿ ಒಂದು ಹೋಳು ಎತ್ತಿ ಹಿಡಿದರು. ಅದು ಜೋತುಬಿತ್ತು. "ಇದೇನ್ ಬೀಗ್ತಿ, ಸೌತೆಕಾಯ್ ಪಾನಕವಾ?"

ಇನ್ನು ಓದಿನ ಮಾತು ಎತ್ತೋದೆಲ್ಲಿ? ಅಷ್ಟರಲ್ಲಿ ಗಂಡನ ಪಕ್ಕ ಕೂತಿದ್ದ ಮಗಳು ಶುರು ಮಾಡಿಯೇಬಿಟ್ಟಳು. "ಅಪ್ಪಂದು ತಪ್ಪಿಲ್ಲ ಅತ್ತೆ. ಹೊರಗೆ ಉಪ್ಪು ಜಾಸ್ತಿಯಾದರೆ ರಸದಾನಿಯ ನೀರು ಆಚೆ ಬಂದುಬಿಡುತ್ತೆ. ಒಳಗಿನ ಬಿಗಿ ಹೋಗಿ ಹೋಳು ಮೆತ್ತಗಾಗುತ್ತೆ. ಸೌತೆಕಾಯಿ ಗುಣವೇ ಅದು." ಸಾರು ಆರುವವರೆಗೂ ಹೇಳಿದಳು.

ಬೀಗಿತಿ ಸೊಸೆಯನ್ನೇ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಓದ್ಲಿ ಬುಡಿ ಬೀಗ್ತಿ, ನಾ ಬ್ಯಾಡ ಅನ್ನಕಿಲ್ಲ. ಆದ್ರೆ ಅಪ್ಪ ಮಾಡಿದ್ ತಪ್ಪ ಸೌತೆಕಾಯ್ ತಲೆ ಮ್ಯಾಲೆ ಆಕ್ಬುಟ್ಲಲ್ಲ, ಇವಳ್ಗೆ ಸೈನ್ಸ್ ಯಾಕೆ? ಲಾಯರಿಕೆ ಓದ್ಸಿ!"