ವರ್ಷದ ತೊಡಕಿಗೆ ಜವರಯ್ಯನ ಕ್ಯಾಂಪು

"ಈ ವರ್ಸದ ತೊಡ್ಕಿನ ದಿವ್ಸ ನನ್ನ ಬೈಯೋ ಗಂಡ್ಸೂ ಉಟ್ಟಿಲ್ಲ, ಎಂಗ್ಸೂ ಉಟ್ಟಿಲ್ಲ! ನೋಡ್ತಿರು!"

ಕಿರುಗಾವಲಿನ ಜವರಯ್ಯ ಯುಗಾದಿಯ ಸಂಜೆ ಎರಡು ಒಬ್ಬಟ್ಟನ್ನು ಒಟ್ಟಿಗೇ ಮಡಿಸಿ ಬಾಯಿಗಿಟ್ಟುಕೊಳ್ಳುತ್ತ ಗೆಳೆಯ ಕರಿಯಪ್ಪನ ಮುಂದೆ ಈ ಭೀಷ್ಮಪ್ರತಿಜ್ಞೆ ಮಾಡಿದ.

ಪ್ರತಿಜ್ಞೆಗೆ ಕಾರಣವಿತ್ತು. ಯುಗಾದಿಯ ಮಾರನೆಯ ದಿನ ವರ್ಷದ ತೊಡಕು. ಅವತ್ತು ಮನುಷ್ಯ ಏನು ಮಾಡುತ್ತಾನೋ ವರ್ಷವೆಲ್ಲ ಅದೇ ಅವನಿಗೆ ತೊಡರಿಕೊಳ್ಳುತ್ತದೆ. ನಕ್ಕರೆ ನಗು, ಅತ್ತರೆ ಅಳು, ಬಾಡು ಉಂಡರೆ ಬಾಡು! ಹೋದ ವರ್ಷ ಆ ದಿನ ಜವರಯ್ಯ ಬಾಡಿನ ಸಾರಿನ ಮಡಕೆ ಇಳಿಸಲು ಹೋಗಿ, ಸಾರನ್ನೆಲ್ಲ ಒಲೆಗೇ ಬಡಿಸಿ, ಹೆಂಡತಿ ಬೆಟ್ಟಮ್ಮನ ಕೈಲಿ ದೀಪ ಹಚ್ಚುವ ತನಕ ಬೈಸಿಕೊಂಡಿದ್ದ. ಆಮೇಲೆ ಕೇಳಬೇಕೆ? ವರ್ಷಪೂರ್ತಿ ಮಂಗಳಾರತಿ! ಕೆಮ್ಮಿದರೆ ಬೈಗುಳ, ಕೆಮ್ಮದಿದ್ದರೆ ಬೈಗುಳ. ಜರ್ಮನಿಯ ಯುದ್ಧದಲ್ಲಾದರೂ ಆಗೀಗ ಬಾಂಬು ಬೀಳುವುದು ನಿಲ್ಲುತ್ತದಂತೆ, ಈ ಮನೆಯಲ್ಲಿ ಅದೂ ಇಲ್ಲ. ಇನ್ನೊಂದು ವರ್ಷ ಹೀಗೇ ಆದರೆ ತನ್ನ ಕಥೆ ಮುಗಿಯಿತು ಎಂದು ಅವನಿಗೆ ನಿಜಕ್ಕೂ ಹೆದರಿಕೆ ಹತ್ತಿತ್ತು.

"ಬೈಯೋಳು ಮನೇಲವ್ಳೆ. ನಾನೇ ಮನೇಲಿಲ್ದೆ ಓದ್ರೆ ಯಾರ್ನ ಬೈದಾಳು?" ಎಂದ ಜವರಯ್ಯ. "ಓದ್ಸಲ ಅಮಲ್ದಾರ್ರು ಡೇರೆ ಒಡ್ಸಿ, ಮುಂದ್ಕೆ ನಾಯಿ ಕಟ್ಟಾಕಿ, ಕ್ಯಾಂಪು ಮಾಡಿರ್ನಿಲ್ವಾ? ಅಂಗೆ! ನಾಳೆ ಕೋಳಿ ಕೂಗೋಕ್ ಮುಂಚೆ ಹದ್ದಿನ ಗುಡ್ಡ ಅತ್ತಾದು. ನಾಡಿದ್ದು ಒತ್ತಾರೆ ಇಳ್ಯಾದು."

"ಉಣ್ಣಾಕೆ?"

"ಮೊಲ ಕಣ್ಲಾ, ಮೊಲ! ನನ್ ಮೂರು ನಾಯಿಗಳ್ನ ಏನಂತ ತಿಳ್ಕಂಡಿದ್ದೀಯ?"

ಕರಿಯಪ್ಪ ಆ ಬೇಟೆಗಾರರತ್ತ ನೋಡಿದ. ಕೆಂಚ, ಚೋಮ, ದಾಸ ಮೂರೂ ಜಗಲಿಯ ಕೆಳಗೆ ಒಂದರ ಮೇಲೊಂದು ಬಿದ್ದು ಗೊರಕೆ ಹೊಡೆಯುತ್ತಿದ್ದವು. "ಯಾತುಕ್ಕೂ ಒಂದ್ ಉಂಜನೂ ಇಟ್ಕಂಬಾ" ಎಂದ.

ಮಾರನೆಯ ಬೆಳಿಗ್ಗೆ ಬೆಟ್ಟಮ್ಮ ಏಳುವ ಮೊದಲೇ ದಂಡು ಹೊರಟಿತು. ಕೋಳಿ ಕೂಗಲಿಲ್ಲ. ಕೂಗಬೇಕಾದ ಕೋಳಿ ಜವರಯ್ಯನ ಕಂಕುಳಲ್ಲಿತ್ತು. ಕರಿಯಪ್ಪನ ತಲೆಯ ಮೇಲೆ ಗಾಡಿಗೆ ಹೊದಿಸುವ ಗುಡಾರ, ರಾಗಿ ಹಿಟ್ಟಿನ ಗಂಟು, ಮಡಕೆ. ನಾಯಿಗಳ ಮೇಲೆ ಯಾವ ಹೊರೆಯೂ ಇಲ್ಲ, ಅವು ಸರದಾರರು.

ಬಿಸಿಲೇರುವ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ ಡೇರೆ ಎದ್ದಿತು. ಅಲ್ಲೇ ಕಡಿದ ನಾಲ್ಕು ಬಿದಿರ ಗಳು, ಒಂದು ಗುಡಾರ. ಜವರಯ್ಯ ಹುಂಜವನ್ನು ಒಂದು ಗಳುವಿಗೆ ಕಟ್ಟಿ, ಒಳಗೆ ಹೋಗಿ ಕಾಲ ಮೇಲೆ ಕಾಲು ಹಾಕಿ ಮಲಗಿ, "ಯಾರಲ್ಲಿ!" ಎಂದು ಗತ್ತಿನಿಂದ ಕೂಗಿದ.

ಬಂದದ್ದು ದಾಸ. ಮೊಲ ಹುಡುಕಲು ಬಿಟ್ಟಿದ್ದ ನಾಯಿಗೆ ಅಷ್ಟು ದೂರ ಓಡುವುದೇಕೆ, ಇಲ್ಲೇ ಕಟ್ಟಿಹಾಕಿದ ಊಟವಿದೆಯಲ್ಲ ಎಂಬ ಜ್ಞಾನೋದಯವಾಗಿತ್ತು. ಹಿಂದೆಯೇ ಕೆಂಚ, ಚೋಮ! ಹುಂಜ ಎದ್ದ ರಭಸಕ್ಕೆ ಗಳು ಕಿತ್ತು ಬಂತು. ಡೇರೆ ಧೊಪ್ಪನೆ ಜವರಯ್ಯನ ಮೇಲೆ, ನಾಯಿಗಳು ಡೇರೆಯ ಮೇಲೆ! ಹಿಟ್ಟಿನ ಗಂಟು ಬಿಚ್ಚಿಕೊಂಡು ರಾಗಿಯೆಲ್ಲ ಗಾಳಿಯ ಪಾಲಾಯಿತು. ಅದೇ ಗಳಿಗೆಗೆ ಪೊದೆಯಿಂದ ಒಂದು ಮೊಲ ಈಚೆ ಬಂದು, ಕಿವಿ ನೆಟ್ಟಗೆ ಮಾಡಿ, ನಿಂತು ನೋಡಿತು.

"ಜವರಾ! ಮೊಲ ಕಣ್ಲಾ! ಮೊಲ!"

"ಇಡಿ! ಇಡಿ! ಬುಡ್ಬ್ಯಾಡ!" ಎಂದಿತು ಗುಡಾರದೊಳಗಿನ ದನಿ.

ಯಜಮಾನನ ಅಪ್ಪಣೆ ಮೀರದ ದಾಸ ಎದುರಿಗೆ ಸಿಕ್ಕಿದ್ದನ್ನು ಹಿಡಿಯಿತು. ಅದು ಜವರಯ್ಯನ ಪಂಚೆ. ಮೊಲ ತಮಾಷೆ ಮುಗಿದ ಮೇಲೆ ನಿಧಾನವಾಗಿ ಹೊರಟುಹೋಯಿತು. ಹುಂಜ ದಾರ ಕಿತ್ತುಕೊಂಡು ಬಂಡೆಯಿಂದ ಬಂಡೆಗೆ ಹಾರುತ್ತ ಕೆಳಗಿನ ಕೆರೆಯ ಕಡೆ ಇಳಿಯಿತು.

"ಈ ಬೆಟ್ಟ ಕ್ಯಾಂಪಿಗೆ ಲಾಯಕ್ಕಿಲ್ಲ ಕಣ್ಲಾ. ಕೆರೆದಡಾನೇ ಸರಿ" ಎಂದು ಜವರಯ್ಯ ಹರಿದ ಪಂಚೆ ಸುತ್ತಿಕೊಂಡ. ಸೋತೆವೆಂದು ಒಪ್ಪಿಕೊಳ್ಳುವ ಜಾಯಮಾನವೇ ಅವನದಲ್ಲ.

ಕೆರೆ ಅರ್ಧ ಬತ್ತಿತ್ತು. ಬತ್ತಿದ ಅಂಗಳದಲ್ಲಿ ಬೀರಮ್ಮ ಎಂಬ ಮುದುಕಿ ಮುಳ್ಳುಬೇಲಿ ಹಾಕಿ ಕರಬೂಜದ ಬಳ್ಳಿ ಹಬ್ಬಿಸಿದ್ದಳು. ಹುಂಜ ಬೇಲಿಯ ಮೇಲಿಂದ ಹಾರಿತು. ನಾಯಿಗಳು ಬೇಲಿಯ ನಡುವಿನಿಂದ ನುಗ್ಗಿದವು. ನಾಯಿಗಳನ್ನು ತಡೆಯಹೋದ ಜವರಯ್ಯ ಬೇಲಿಯ ಸಮೇತ ಒಳಗೆ ಬಿದ್ದ. ಎದ್ದು ನೋಡಿದರೆ ಎದುರಿಗೆ ಕೋಲು ಹಿಡಿದ ಬೀರಮ್ಮ, ಬೈಯಲು ತೆರೆದ ಬಾಯಿ!

ಅಲ್ಲಿಗೆ ಜವರಯ್ಯನ ಜೀವವೇ ಹೋದಂತಾಯಿತು. ಹೆಂಡತಿಯಿಂದ ತಪ್ಪಿಸಿಕೊಂಡು ಇಷ್ಟು ದೂರ ಬಂದು, ಯಾರೋ ಮುದುಕಿಯ ಕೈಲಿ ವರ್ಷಕ್ಕಾಗುವಷ್ಟು ಬೈಸಿಕೊಳ್ಳುವುದೆ? ದಬಕ್ಕನೆ ಅವಳ ಕಾಲಿಗೆ ಬಿದ್ದ.

"ಅಜ್ಜೀ, ನಿನ್ ದಮ್ಮಯ್ಯ, ಬೈಬ್ಯಾಡ! ಇವತ್ತು ವರ್ಸದ ತೊಡ್ಕು!"

ಬೀರಮ್ಮ ಬಾಯಿ ಮುಚ್ಚಿದಳು. ಯೋಚಿಸಿದಳು. "ದಿಟ ಕಣಪ್ಪ. ಇವತ್ತು ನಿನ್ನ ಬೈದು ನಾನ್ಯಾಕ್ ವರ್ಸವೆಲ್ಲ ಬಾಯ್ ಒಲಸು ಮಾಡ್ಕಳ್ಳಿ? ಬೈಯಾಕಿಲ್ಲ ಬುಡು. ಬೇಲಿ ಕಟ್ಟು."

"ಬೇಲಿ ಕಟ್ಟುದ್ರೆ ವರ್ಸವೆಲ್ಲ ಬೇಲಿ ಕಟ್ಬೇಕಾಯ್ತದಲ್ಲಜ್ಜೀ!"

"ಕಟ್ಟು. ನಂಗೇನ್ ನಷ್ಟ?"

ಕಟ್ಟಿದ! ಮುಳ್ಳು ಹೊತ್ತ, ಗೂಟ ಬಡಿದ, ತುಳಿದ ಬಳ್ಳಿಗೆಲ್ಲ ಕೆರೆಯಿಂದ ನೀರು ಹೊತ್ತು ಹೊಯ್ದ. ಹುಂಜ ಬೀರಮ್ಮನ ಗುಡಿಸಲ ಮೇಲೆ ಕೂತು ಮೇಸ್ತ್ರಿಯ ಹಾಗೆ ಎಲ್ಲವನ್ನೂ ನೋಡುತ್ತಿತ್ತು. ತುಳಿದ ಕರಬೂಜಕ್ಕೆ ಬದಲು ಅದು ಅಲ್ಲೇ ಇರಲೆಂದು ತೀರ್ಮಾನವಾಯಿತು. ನೆರಳಲ್ಲಿ ಕೂತು ಒಡೆದ ಹಣ್ಣು ತಿಂದು ಮುಗಿಸಿದ ಕರಿಯಪ್ಪ, "ನಮ್ಮನೇಲಿ ಬಾಡು ಬೆಂದಿರ್ತದೆ ಕಣ್ಲಾ, ಬತ್ತೀನಿ" ಎಂದು ಎದ್ದ. ಬಾಡು ಎಂಬ ಮಾತು ಕೇಳಿದ್ದೇ ಮೂರು ನಾಯಿಗಳೂ ಅವನ ಹಿಂದೆಯೇ ಊರ ಕಡೆ ನಡೆದವು.

ಹೊತ್ತು ಇಳಿಯುವಾಗ ಜವರಯ್ಯನೂ ಮನೆ ದಾರಿ ಹಿಡಿದ. ಹೊಟ್ಟೆ ತಾಳ ಹಾಕುತ್ತಿತ್ತು, ಕೈತುಂಬ ಮುಳ್ಳು. ಆದರೂ ಎದೆ ಉಬ್ಬಿತ್ತು. ಬೆಳಗಿನಿಂದ ಒಂದೇ ಒಂದು ಬೈಗುಳ ಬಿದ್ದಿರಲಿಲ್ಲ! ಇನ್ನು ಮನೆಗೆ ಹೋಗಿ ಗಪ್‌ಚಿಪ್ಪಾಗಿ ಬಾಡು ಉಂಡುಬಿಟ್ಟರೆ ವರ್ಷ ಗೆದ್ದಂತೆ.

ಬೆಟ್ಟಮ್ಮ ಜಗಲಿಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಪಕ್ಕದಲ್ಲಿ ಮೂರು ನಾಯಿಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಹರಿದ ಪಂಚೆ, ಮಣ್ಣು ಮೆತ್ತಿದ ಮೂತಿ, ಎಲ್ಲವನ್ನೂ ನೋಡಿದಳು. ಬೈಯಲಿಲ್ಲ! ನಕ್ಕಳು.

"ಬಂದ್ಯಾ? ಕೈಕಾಲ್ ತೊಳ್ಕೊ."

"ಬಾಡಿಕ್ಕಮ್ಮಿ, ಜೀವ ಓಯ್ತಾ ಅದೆ."

"ಮುಗೀತಲ್ಲ."

"ಮುಗೀತಾ? ನನ್ ಪಾಲು?"

"ನೀನು ನಾಳೆ ಒತ್ತಾರೆ ಬರಾದು ಅಂತ ಕರಿಯಪ್ಪಣ್ಣ ಯೋಳ್ತು. ಬೇಟೆಗೋಗಿ ಬಂದ ನಾಯಿಗೆ ಪಾಲು ಕೊಡಾದು ಪದ್ದತಿ ಅಲ್ವಾ? ನಿಂದ ಅವ್ಕೆ ಇಕ್ಬುಟ್ಟೆ."

ಜವರಯ್ಯ ಬೈಗುಳಕ್ಕಾಗಿ ಇನ್ನೂ ಸ್ವಲ್ಪ ಕಾದ. ಬರಲಿಲ್ಲ. "ಅಷ್ಟೇಯಾ? ಬೈಯಾಕಿಲ್ವಾ?"

"ಯಾಕ್ ಬೈಲಿ? ಓದ್ವರ್ಸ ಇವತ್ತು ಬಾಯ್ ಬುಟ್ಟು, ವರ್ಸವೆಲ್ಲ ಬೈದೂ ಬೈದೂ ಗಂಟ್ಲೇ ಬಿದ್ದೋಯ್ತು. ಇವತ್ತು ಏಳ್ತೀನಿ, ನೀನೇ ಇಲ್ಲ! ಒಟ್ಟೆ ತುಂಬ ಉಂಡೆ, ಕಣ್ತುಂಬ ನಿದ್ದೆ ಮಾಡ್ದೆ. ಎಂತಾ ನೆಮ್ದಿ ಅಂತೀಯ! ವರ್ಸವೆಲ್ಲ ಇಂಗೇ ಇರ್ಲಪ್ಪ ಅಂತ ಮಾದಪ್ಪಂಗೆ ಕೈ ಮುಗ್ದೆ."

ಜವರಯ್ಯ ಲೆಕ್ಕ ಹಾಕಿದ. ವರ್ಷವೆಲ್ಲ ಹೀಗೇ? ಹಾಗೆಂದರೆ ಅವಳು ಇಲ್ಲಿ ನೆಮ್ಮದಿಯಾಗಿ, ತಾನು ಕೆರೆದಡದಲ್ಲಿ ಮುಳ್ಳು ಹೊರುತ್ತ, ತನ್ನ ಪಾಲು ನಾಯಿಗಳ ಹೊಟ್ಟೆಯಲ್ಲಿ! ಹನ್ನೆರಡು ತಿಂಗಳು! ಅವಳಿಗೆ ತಾನು ಬೇಡವೇ ಬೇಡವಾದರೆ ಗತಿಯೇನು ಎಂದು ಅಳುವೇ ಬಂದಂತಾಯಿತು. ಜಗಲಿಯ ಕೆಳಗೆ ಕುಕ್ಕರಿಸಿ ಕೈ ಮುಗಿದ.

"ಅಮ್ಮೀ, ಇನ್ನೂ ದೀಪ ಅಚ್ಚಿಲ್ಲ, ದಿನ ಮುಗ್ದಿಲ್ಲ. ನಿನ್ ಕಾಲಿಗ್ ಬೀಳ್ತೀನಿ, ಒಂದೇ ಒಂದ್ ಸಾರಿ ಬಯ್ಯಮ್ಮಿ!"

"ಇವತ್ತು ಬೈಯಾಕಿಲ್ಲ" ಎಂದಳು ಬೆಟ್ಟಮ್ಮ, ದೀಪಕ್ಕೆ ಬತ್ತಿ ಹೊಸೆಯುತ್ತ. "ನಾಳೀಕೆ ನೋಡಾನ. ಅಲ್ಲೀಗಂಟ ಆ ದಾಸನ್ನ ಕೇಳು, ಒಸಿ ಸರ್ಕಂಡು ಜಾಗ ಕೊಡ್ತದೇನೋ."